ಮಳವಳ್ಳಿಯ ಡೆಲ್ಲಿ ಬಸ್ಸು

ಭಾರತೀನಗರದ ಬಸ್ ನಿಲ್ದಾಣದ ಮಗ್ಗುಲಲ್ಲಿ ಒಂದು ಇಸ್ತ್ರಿ ಅಂಗಡಿಯಿದೆ. ಅಂಗಡಿಯವನು ಇನ್ನೂ ಇದ್ದಲು ಪೆಟ್ಟಿಗೆಯಲ್ಲೇ ಇಸ್ತ್ರಿ ಮಾಡುತ್ತಾನೆ. ಹೋದ ತಿಂಗಳು ಮಳವಳ್ಳಿಯಿಂದ ಮದ್ದೂರಿಗೆ ಹೋಗುವಾಗ ನಮ್ಮ ಬಸ್ಸು ಅಲ್ಲಿ ನಿಂತಿತು. ಸಣ್ಣಗೆ ಮಳೆ ಹನಿಯುತ್ತಿತ್ತು. ಅವನು ಪೆಟ್ಟಿಗೆಯ ಬಾಯಿ ತೆರೆದು ರಟ್ಟಿನ ಚೂರಿನಿಂದ ಬೀಸಿದ. ತೇವ ಹಿಡಿದ ಇದ್ದಲು ಹೊತ್ತಿಕೊಳ್ಳಲಾರದೆ ಹೊಗೆಯಾಡುವ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ.

"ತಾತ, ಇಲ್ಲಿಂದ ಮದ್ದೂರ್ಗೆ ಎಷ್ಟೊತ್ತಾಯ್ತದೆ? ಟ್ರೈನ್ ಹಿಡೀಬೇಕಿತ್ತು" ಎಂದಳು.

ಇದೇ ದಾರಿಯಲ್ಲಿ, ಇದೇ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು, ನಾನು ಒಂದು ಮಳೆಗಾಲದ ಬೆಳಿಗ್ಗೆ ಒದ್ದಾಡಿದ್ದೆ. ಆಗ ಈ ಊರಿಗೆ ಭಾರತೀನಗರ ಎಂಬ ಹೆಸರಿರಲಿಲ್ಲ. ದೊಡ್ಡಿ ಎನ್ನುತ್ತಿದ್ದೆವು.

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲೆಲ್ಲ ದಂಡಿಗೆ ಹೋಗುತ್ತಿತ್ತು. ನಮ್ಮಂಥ ಊರ ಬಸ್ಸುಗಳಿಗೆ ಇದ್ದಲೇ ಗತಿ. ಬಸ್ಸಿನ ಹಿಂಬದಿಗೆ ಬಚ್ಚಲ ಹಂಡೆಯನ್ನು ಎತ್ತಿ ಕಟ್ಟಿದ ಹಾಗೆ ಒಂದು ಕಬ್ಬಿಣದ ಡ್ರಮ್ಮು. ಅದಕ್ಕೆ ಇದ್ದಲು ತುಂಬಿ, ಕೆಳಗೆ ಬೆಂಕಿ ಕೊಟ್ಟು, ಪಕ್ಕದ ಹಿಡಿಯನ್ನು ಗರಗರ ತಿರುಗಿಸಿ ಗಾಳಿ ಊದಬೇಕು. ಒಳಗಿನ ಹೊಗೆ ಹದಕ್ಕೆ ಬಂದು, ಗ್ಯಾಸಾಗಿ ಇಂಜನ್ನಿಗೆ ಹೋದರೆ ಬಸ್ಸು ಹೊರಡುತ್ತಿತ್ತು. ಇಲ್ಲದಿದ್ದರೆ ಇಲ್ಲ. ಡ್ರೈವರು ಖಾದರಣ್ಣ. ರಿಪೇರಿಯೂ ಅವನದೇ. ಟಿಕೆಟ್ಟು ಹರಿಯುವುದು, ಇದ್ದಲು ಹಾಕುವುದು, ಹಿಡಿ ತಿರುಗಿಸುವುದು ನನ್ನ ಕೆಲಸ. ಬೆಳಿಗ್ಗೆ ಮಳವಳ್ಳಿ ಬಿಟ್ಟು ಮದ್ದೂರಿನಲ್ಲಿ ಬೆಂಗಳೂರಿನ ರೈಲಿಗೆ ಜನರನ್ನು ಮುಟ್ಟಿಸುವುದು, ಸಾಯಂಕಾಲ ವಾಪಸ್ಸು ಬರುವುದು. ನಡುವೆ ಹದಿನೈದು ಹದಿನಾರು ಮೈಲಿ ಇರಬಹುದು. ಎಷ್ಟು ಹೊತ್ತಿನ ದಾರಿ ಎಂದು ಯಾರಾದರೂ ಕೇಳಿದರೆ ಖಾದರಣ್ಣ ಡ್ರಮ್ಮಿನ ಕಡೆ ಕೈ ತೋರಿಸಿ, "ಆ ಯಪ್ಪನ್ನೇ ಕೇಳಿ" ಎನ್ನುತ್ತಿದ್ದ.

ಆ ಬಸ್ಸಿಗೊಂದು ಪದ್ಧತಿಯಿತ್ತು. ಯಾರನ್ನೂ ಬಿಟ್ಟು ಹೋಗುವಂತಿರಲಿಲ್ಲ. ಊಟಕ್ಕೆ ಕೂತವನು ಒಳಗಿನಿಂದಲೇ "ಬಂದೇ" ಎಂದು ಕೂಗಿದರೆ ನಾವು ನಿಂತು ಕಾಯಬೇಕು. ಎಮ್ಮೆ ಕಟ್ಟಿ ಬರುತ್ತೇನೆ ಎಂದರೂ ಕಾಯಬೇಕು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಖಾದರಣ್ಣ ಹೇಳಿದ: "ಲೇ ಸಿದ್ದ, ಇವತ್ತು ಬುಟ್ಟು ಓದ್ರೆ ನಾಳೆ ಏರಲ್ಲಿ ಬಸ್ ತಳ್ಳೋರು ಯಾರ್ಲಾ? ನಿನ್ ಮಾವ ಬತ್ತಾನಾ?" ಅದೂ ನಿಜವೇ. ಏರು ಬಂದರೆ ಗ್ಯಾಸು ಸಾಲದೆ ಬಸ್ಸು ಏದುಸಿರು ಬಿಡುತ್ತಿತ್ತು, ಜನ ಇಳಿದು ತಳ್ಳುತ್ತಿದ್ದರು. ನಾವು ಕಾಯುತ್ತಿದ್ದೆವು, ಅವರು ತಳ್ಳುತ್ತಿದ್ದರು.

ದಿನಾ ನಮ್ಮ ಬಸ್ಸಿಗೆ ಬರುತ್ತಿದ್ದವರು ಕಮಲಮ್ಮನವರು. ಮಳವಳ್ಳಿಯ ಜೋಯಿಸರ ಮಗಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡು ತವರಿಗೆ ಬಂದವರು. ಹಟ ಹಿಡಿದು ಓದಿ ದೊಡ್ಡಿಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಬಸ್ಸಿಗೆ ಬೆಂಕಿ ಹತ್ತುವ ತನಕ ಅವರಿಗೂ ಕೆಲಸವಿಲ್ಲ, ಹಿಡಿ ತಿರುಗಿಸುವ ನನಗೆ ಬಾಯಿಗೂ ಕಣ್ಣಿಗೂ ಕೆಲಸವಿಲ್ಲ. ಮೀಸೆ ಬಂದ ಗಂಡಸಾದ ನಾನು ಓದಲು ಬಾರದೆ ಟಿಕೆಟ್ಟನ್ನು ಬಣ್ಣ ನೋಡಿ ಹರಿಯುವುದನ್ನು ಕಂಡು ಒಂದು ದಿನ ಅವರು ಒಂದು ಇದ್ದಲ ತುಂಡು ಎತ್ತಿಕೊಂಡು ಬಸ್ಸಿನ ಬೆನ್ನ ಮೇಲೆ ಒಂದು ಅಕ್ಷರ ಬರೆದರು.

"ಇದೇನು ಹೇಳು ಸಿದ್ದ?"

"ಗೊತ್ತಿಲ್ಲ ಅಮ್ಮಾವ್ರೇ. ರಾಗಿ ಕುಯ್ಯೋ ಕುಡ್ಲು ಇದ್ದಂಗದೆ."

"ಇದು ನಿನ್ನ ಹೆಸರಿನ ಮೊದಲ ಅಕ್ಷರ ಕಣೋ."

ಹಾಗೆ ಶುರುವಾಯಿತು. ಬಸ್ಸಿನ ಬೆನ್ನೇ ನನ್ನ ಸ್ಲೇಟು. ಬೇಸಿಗೆಯಲ್ಲಿ ಶುರು ಮಾಡಿದ್ದು ಮಳೆ ಹಿಡಿಯುವಷ್ಟರಲ್ಲಿ ಪದ ಕೂಡಿಸಿ ಓದುವ ತನಕ ಬಂತು. ಬರೆದದ್ದನ್ನು ಹೊತ್ತುಕೊಂಡೇ ಬಸ್ಸು ಮದ್ದೂರಿಗೆ ಹೋಗುತ್ತಿತ್ತು. ಹಿಂದೆ ಬರುವ ಗಾಡಿಯವರು ನಗುತ್ತಿದ್ದರು. "ಏನ್ ಸಿದ್ದಣ್ಣ, ಇವತ್ತು ಒತ್ತಕ್ಷರವಾ?" ಎಂದು ಸಂತೆಗೆ ಹೋಗುವವರು ರೇಗಿಸುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಆದರೆ ಬಿಡುವ ಮನಸ್ಸು ಬರಲಿಲ್ಲ.

ಅವರು ದೇಶದ ನಕ್ಷೆಯನ್ನೂ ಅಲ್ಲೇ ಬರೆದು ತೋರಿಸಿದರು. ಕೆಳಗೆ ಒಂದು ಚುಕ್ಕಿ ಬೆಂಗಳೂರು. ಬಹಳ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ, ಇನ್ನೊಂದು ಚುಕ್ಕಿ ಡೆಲ್ಲಿ.

"ಎಷ್ಟು ದೂರ ಆಯ್ತದೆ ಅಮ್ಮಾವ್ರೇ?"

"ಮದ್ರಾಸಿನ ಮೇಲೆ ಹೋದರೆ ಮೂರು ರಾತ್ರಿ ರೈಲಲ್ಲೇ ಕಳೀಬೇಕಂತೆ."

"ಮೂರ್ ರಾತ್ರಿಯೂ ಓಡ್ತಾನೇ ಇರ್ತದಾ? ಅಂಗಾರೆ ಅದ್ಕೆ ಇದ್ಲು ಆಕೋನ ಗತಿ ಏನಮ್ಮಾವ್ರೇ!"

ಅವರು ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು. ಡೆಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ಹೆಂಗಸರಿಗೆ ದಾದಿ ಕೆಲಸ ಕಲಿಸುತ್ತಾರೆ, ಹೆರಿಗೆ ಮಾಡಿಸುವುದನ್ನೂ ಕಲಿಸುತ್ತಾರೆ, ತಾನು ಅರ್ಜಿ ಹಾಕಿದ್ದೇನೆ ಎಂದು. ಆ ವರ್ಷ ಅವರ ಸ್ಕೂಲಿನ ಹತ್ತಿರದ ಮನೆಯಲ್ಲೇ ಒಬ್ಬಳು ಚೊಚ್ಚಲ ಹೆರಿಗೆಯಲ್ಲಿ ಹೋಗಿಬಿಟ್ಟಿದ್ದಳು. ಕೈ ಹಿಡಿದು ಕೂತಿದ್ದವರು ಇವರೇ. "ಕೂತಿದ್ದೆ ಅಷ್ಟೇ ಸಿದ್ದ. ಏನು ಮಾಡಬೇಕು ಅಂತ ಗೊತ್ತಿರಲಿಲ್ಲ" ಎಂದರು.

"ಅಷ್ಟು ದೂರ ನಿಮ್ಮಪ್ಪಾರು ಕಳಿಸ್ತಾರಾ?"

"ನಮ್ಮ ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ಹೋಗುತ್ತಲ್ಲ, ಅದನ್ನ ಯಾರು ಕಳಿಸಿದರು? ಹೋಗೋದು ಹೋಗುತ್ತೆ."

ಒಂದು ಸೋಮವಾರ ಸಾಯಂಕಾಲ ನಾವು ಮಳವಳ್ಳಿಗೆ ವಾಪಸ್ಸಾದಾಗ ಜೋಯಿಸರ ಮನೆಗೆ ತಂತಿ ಬಂದು ಕೂತಿತ್ತು. ಸೀಟು ಸಿಕ್ಕಿದೆ. ಬೆಂಗಳೂರಿನಿಂದ ಇನ್ನಿಬ್ಬರು ಹುಡುಗಿಯರನ್ನು ಕರೆದುಕೊಂಡು ಒಬ್ಬರು ಹಿರಿಯ ದಾದಿ ಮಂಗಳವಾರ ರಾತ್ರಿಯ ಮದ್ರಾಸ್ ರೈಲಿಗೆ ಹೊರಡುತ್ತಾರೆ, ಅಷ್ಟರೊಳಗೆ ಬಂದು ಸೇರಿಕೊಳ್ಳಬೇಕು. ಮಂಗಳವಾರವೆಂದರೆ ಮಾರನೆಯ ದಿನವೇ.

ಕಮಲಮ್ಮನವರ ಚೀಲ ಮುಟ್ಟಿಸಲು ಹೋದ ನಾನು ಜಗಲಿಯ ಕೆಳಗೆ ನಿಂತಿದ್ದೆ. ಜೋಯಿಸರು ಒಳ್ಳೆಯವರು, ಆದರೆ ಪಂಚಾಂಗ ನೋಡದೆ ಹೊಸಿಲು ದಾಟುವವರಲ್ಲ. "ಮಂಗಳವಾರ ಉತ್ತರಕ್ಕೆ ಶೂಲ ಕಣೇ ಕಮಲೂ. ಡೆಲ್ಲಿ ಇರೋದೇ ಉತ್ತರಕ್ಕೆ. ನಾಳೆ ಹೊರಡೋ ಮಾತೇ ಇಲ್ಲ" ಎಂದರು. ಬುಧವಾರವೂ ಉತ್ತರಕ್ಕೆ ಆಗದಂತೆ. ಮತ್ತೆ ಹೊರಡೋಣವೆಂದರೆ ಜೊತೆಗೆ ಯಾರೂ ಇರುವುದಿಲ್ಲ, ಒಂಟಿಯಾಗಿ ಕಳಿಸುವುದು ಕನಸಿನಲ್ಲೂ ಇಲ್ಲ.

ಮಗಳು ಅಳಲಿಲ್ಲ. "ಇವತ್ತು ಸೋಮವಾರ. ಉತ್ತರಕ್ಕೆ ಇವತ್ತೇನೂ ದೋಷವಿಲ್ಲವಲ್ಲ. ಪ್ರಸ್ಥಾನ ಇಡಿ ಅಪ್ಪ" ಎಂದರು.

ಹೊರಡುವ ದಿನ ಸರಿಯಿಲ್ಲದಿದ್ದರೆ, ಹಿಂದಿನ ಒಳ್ಳೆಯ ಗಳಿಗೆಯಲ್ಲಿ ಗಂಟನ್ನು ಹೋಗಬೇಕಾದ ದಿಕ್ಕಿನ ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಅದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಗಂಟು ಹೊರಟರೆ ಪ್ರಯಾಣ ಹೊರಟ ಹಾಗೆ. ಎಷ್ಟೋ ಜನಕ್ಕೆ ಜೋಯಿಸರೇ ಹೇಳಿಕೊಟ್ಟಿದ್ದ ಉಪಾಯ. ತಮ್ಮ ಶಾಸ್ತ್ರವನ್ನೇ ಮಗಳು ಎದುರಿಗಿಟ್ಟಾಗ ಅವರು ಪಂಚಾಂಗ ತೆಗೆದರು. ನೋಡಿದರೆ ಒಳ್ಳೆಯ ಗಳಿಗೆ ಇನ್ನೇನು ಮುಗಿಯುವುದರಲ್ಲಿತ್ತು. ನಾನು ಟ್ರಂಕು ಹೆಗಲಿಗೆ ಹೊತ್ತೆ. ಬೀದಿಯ ಉತ್ತರಕ್ಕಿದ್ದ ಮಂಡಿ ಶೆಟ್ಟರ ಮನೆಗೆ ಬೀಗ. ಅದರಾಚೆಗೆ ಇದ್ದದ್ದು ಒಂದೇ ಮನೆ, ಖಾದರಣ್ಣನದು.

ಜೋಯಿಸರು ದಾರಿಯಲ್ಲಿ ನಿಂತುಬಿಟ್ಟರು. ಒಂದು ಸಲ ಆಕಾಶ ನೋಡಿದರು, ಒಂದು ಸಲ ಖಾದರಣ್ಣನ ಬಾಗಿಲು ನೋಡಿದರು.

"ಗಳಿಗೆ ಓಯ್ತದೆ ಸ್ವಾಮಿ" ಎಂದೆ.

"ಇಡೋ, ಇಡೋ!" ಎಂದು ಕೈ ಬೀಸಿದರು.

ಖಾದರಣ್ಣ ಹೊರಗೆ ಬಂದು ವಿಷಯ ಕೇಳಿ ಗಾಬರಿಯಾದ. ಅವನ ಹೆಂಡತಿ ಜಗಲಿ ಗುಡಿಸಿ ಚಾಪೆ ಹಾಸಿದರು. ಟ್ರಂಕಿನ ಮೇಲೆ ಒಗೆದ ಬಟ್ಟೆಯೊಂದನ್ನು ಹೊದಿಸಿದರು. ಜೋಯಿಸರು ಹಿಂದಿರುಗುವಾಗ ಮಗಳಿಗೆ ಹೇಳಿದ್ದು ನನಗೂ ಕೇಳಿಸಿತು: "ನಾಳೆ ಬೆಂಗಳೂರಿನ ತನಕ ನಾನೇ ಬಂದು ಅವರ ಕೈಗೆ ಒಪ್ಪಿಸ್ತೀನಿ. ಆದರೆ ಮದ್ದೂರಲ್ಲಿ ರೈಲು ಸಿಗಲಿಲ್ಲ ಅಂದ್ರೆ ಭಗವಂತ ಬೇಡ ಅಂದ ಹಾಗೆ. ಆಮೇಲೆ ಡೆಲ್ಲಿ ಮಾತು ಎತ್ತಬಾರದು."

"ಆಗಲಿ" ಎಂದರು ಕಮಲಮ್ಮ.

ಮೂರು ರಾತ್ರಿಯ ದೂರವೆಲ್ಲ ನಮ್ಮ ಹದಿನೈದು ಮೈಲಿಯ ಮೇಲೆ ಬಂದು ಕೂತದ್ದು ಹೀಗೆ.

ಆ ರಾತ್ರಿ ಗಾಳಿ ಮಳೆ. ಬೆಳಿಗ್ಗೆ ಷೆಡ್ಡಿಗೆ ಹೋಗಿ ನೋಡುತ್ತೇನೆ, ತಗಡು ಹಾರಿ ಇದ್ದಲ ಮೂಟೆಗಳೆಲ್ಲ ನೆನೆದು ತೊಪ್ಪೆ. ಅವುಗಳಲ್ಲಿ ಅಷ್ಟಿಷ್ಟು ಒಣಗಿದ್ದನ್ನು ಆರಿಸಿ ಡ್ರಮ್ಮು ತುಂಬಿ, ತೋಳು ಬಿದ್ದು ಹೋಗುವ ತನಕ ಊದಿದೆ. ಹೊರಟದ್ದೇ ತಡವಾಗಿ. ಜೋಯಿಸರು ಮುಂದಿನ ಸೀಟಿನಲ್ಲಿ ಶಲ್ಯ ಹೊದ್ದು ಕೂತಿದ್ದರು, ಕಮಲಮ್ಮ ಅವರ ಹಿಂದೆ.

ಮೊದಲನೆಯ ಊರಿನಲ್ಲೇ ಮರದ ಕೆಳಗಿನಿಂದ ಕೂಗು ಬಂತು. ನಮ್ಮ ಬಸ್ಸಿನ ಖಾಯಂ ಗಿರಾಕಿ ಬೋರಯ್ಯ ಕ್ಷೌರಕ್ಕೆ ಕೂತಿದ್ದ.

"ತಡೀರ್ಲಾ! ಅರ್ಧ ಗಡ್ಡ ಆಗೈತೆ, ಇನ್ನರ್ಧ ಐತೆ!"

"ಬೋರಣ್ಣ, ಇವತ್ತು ಕಾಯಕ್ಕಾಗಕಿಲ್ಲ. ಅಮ್ಮಾವ್ರು ಡೆಲ್ಲಿಗೋಯ್ತಾವ್ರೆ, ರೈಲು ತಪ್ಪೋಯ್ತದೆ!" ಎಂದು ನಾನು ಕೂಗಿದೆ.

ಜೋಯಿಸರು ಸಮಾಧಾನವಾಗಿ, "ಕಾಯಲಿ ಬಿಡಪ್ಪ. ದಿನಾ ಕಾಯ್ತೀರಲ್ಲ" ಎಂದರು. ನನಗೆ ಮೈ ಉರಿಯಿತು. ಆದರೆ ಬೋರಯ್ಯ ಡೆಲ್ಲಿ ಎಂಬ ಮಾತು ಕೇಳಿದ್ದೇ ಎದ್ದುಬಿಟ್ಟ. ಕ್ಷೌರದವನು ಕತ್ತಿ ಹಿಡಿದುಕೊಂಡು ಹಾಗೇ ಕೂತಿದ್ದ. ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ಸೋಪಿನ ನೊರೆ, ಹಾಗೇ ಓಡಿ ಬಂದು ಹತ್ತಿದ.

"ನಡೀಲಾ ಖಾದರಣ್ಣ. ಮುಂದ್ಕಿರೋ ಊರಲ್ಲಿ ನಾನ್ ಹೇಳ್ತೀನಿ."

ಆಮೇಲೆ ಪ್ರತಿ ಊರಿಗೂ ಅವನೇ ಕಿಟಕಿಯಿಂದ ತಲೆ ಹಾಕಿ, "ಬರೋರು ಓಡ್ಬನ್ನಿ! ಅಮ್ಮಾವ್ರು ಡೆಲ್ಲಿಗೆ!" ಎಂದು ಸಾರಿದ. ಅರ್ಧ ಗಡ್ಡದ ಮುಖ ನೋಡಿ ಜನ ನಗುತ್ತಲೇ ಓಡಿ ಬಂದರು. ನಮಗಿಂತ ಮೊದಲು ಹೊರಟ ಗಾಡಿಯವರಿಂದ ಸುದ್ದಿ ತಿಳಿದು ದೊಡ್ಡಿಯಲ್ಲಿ ಸ್ಕೂಲಿನ ಹೆಣ್ಣುಮಕ್ಕಳು ರಸ್ತೆಯಲ್ಲೇ ಕಾದಿದ್ದರು. ಚೊಚ್ಚಲ ಹೆರಿಗೆಯಲ್ಲಿ ಮಗಳನ್ನು ಕಳೆದುಕೊಂಡ ಆ ತಾಯಿಯೂ ಬಂದಿದ್ದಳು. ಹುರಿಹಿಟ್ಟಿನ ಗಂಟೊಂದನ್ನು ಕಿಟಕಿಯಿಂದ ಒಳಗೆ ಕೊಟ್ಟು, "ಮೂರ್ ದಿವ್ಸಕ್ಕೂ ಬತ್ತದೆ ಕಣವ್ವ. ಕಲ್ತ್ಕಂಡು ಬಾ" ಎಂದಳು. ಅಷ್ಟೇ. ಕಮಲಮ್ಮ ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡರು.

ದೊಡ್ಡಿ ದಾಟಿದ ಮೇಲೆ ಒಂದು ಏರು. ಅದರ ನಡುವೆ ಬಸ್ಸು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ನಾನು ಹಾರಿ ಹೋಗಿ ಡ್ರಮ್ಮು ನೋಡಿದೆ. ದಾರಿಯಲ್ಲಿ ಮೇಲಿಂದ ಹಾಕಿದ ಹಸಿ ಇದ್ದಲು ಕೆಳಗಿನ ಕೆಂಡವನ್ನು ತಿಂದು ಹಾಕಿತ್ತು. ಊದಿದಷ್ಟೂ ಬಿಳಿ ಹೊಗೆ. ಚೀಲದಲ್ಲಿ ಉಳಿದದ್ದೆಲ್ಲ ಹಸಿಯದೇ. ಜನ ಇಳಿದು ತಳ್ಳಿದರು. ಏರು ಹತ್ತಿಸಿ ನಿಲ್ಲಿಸಿದರು. ಆದರೆ ಮದ್ದೂರಿನ ತನಕ ತಳ್ಳಲು ಆಗುತ್ತದೆಯೇ?

ಜೋಯಿಸರು ಇಳಿದು ಬಂದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ನಿಜ ಹೇಳಬೇಕು. ಸುಸ್ತಾದವರ ಹಾಗಿದ್ದರು. "ಸಾಕು ಕಮಲೂ. ಇಷ್ಟೇ ಅಂತ ಇತ್ತು. ಎದುರಿಗೆ ಗಾಡಿ ಸಿಕ್ಕಿದರೆ ಟ್ರಂಕು ಹಾಕಿಕೊಂಡು ಮನೆಗೆ ಹೋಗೋಣ" ಎಂದರು.

ಕಮಲಮ್ಮ ಕಿಟಕಿಯಲ್ಲಿ ಹಾಗೇ ಕೂತಿದ್ದರು. ಆಗಲಿ ಎಂದು ಮಾತು ಕೊಟ್ಟವರು, ಏನು ಹೇಳಿಯಾರು?

ಖಾದರಣ್ಣ ಎಂದೂ ಜೋಯಿಸರಿಗೆ ಎದುರು ಮಾತಾಡಿದವನಲ್ಲ. ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು ಎದ್ದು ನಿಂತ.

"ಜೋಯಿಸ್ರೇ, ಒಂದ್ ಮಾತು. ನಿನ್ನೆ ಅಮ್ಮಾವ್ರ ಗಂಟ ನಮ್ಮನೇಲಿ ಮಡಗಿದ್ರಿ. ಪ್ರಯಾಣ ಹೊಂಟಿದ್ದು ನಮ್ಮನೆ ಜಗಲಿಯಿಂದ. ನಮ್ಮಾಕೆ ಬೆಳಗಿನ ನಮಾಜಲ್ಲೂ ಇದ್ನೇ ಬೇಡ್ಕಂಡವ್ಳೆ. ಹೊಂಟ ಗಂಟು ವಾಪಸ್ ಓದ್ರೆ ಕೆಟ್ಟದು ಅಂತ ನೀವೇ ಊರ್ಗೆಲ್ಲ ಹೇಳ್ತೀರಿ. ಈಗ ತಿರುಗುಸ್ಬುಟ್ರೆ ಆ ಕೆಟ್ಟದು ಯಾರ ಮನೆ ಮ್ಯಾಲೆ ಸ್ವಾಮಿ? ನಮ್ಮನೆ ಕಾಲ್ಗುಣ ಸರಿಯಿಲ್ಲ ಅಂತಲಾ?"

ಬೋರಯ್ಯನ ಕೆನ್ನೆಯ ನೊರೆ ಒಣಗಿ ಬಿರಿದಿತ್ತು.

ಜೋಯಿಸರು ಶಲ್ಯ ತೆಗೆದು ಮಡಿಸಿ ಮಗಳ ಕೈಗೆ ಕೊಟ್ಟರು. ಪಂಚೆ ಎತ್ತಿ ಕಚ್ಚೆ ಬಿಗಿದರು. ನನ್ನ ಹತ್ತಿರ ಬಂದು, "ಸರಿಯೋ ಅತ್ಲಾಗೆ. ಇದನ್ನ ಯಾವ ಕಡೆಗೆ ತಿರುಗಿಸಬೇಕು?" ಎಂದರು.

"ಬಲಕ್ಕೆ ಸ್ವಾಮಿ. ಆದ್ರೆ ಒಣಗಿದ ಇದ್ಲಿಲ್ದೆ..."

"ಇದ್ದಲು ತರಿಸ್ರೋ ಹಾಗಾದ್ರೆ! ನನ್ನ ಮುಖ ಏನು ನೋಡ್ತೀರಿ?"

ರಸ್ತೆಯಿಂದ ಕೂಗಳತೆಯಲ್ಲಿ ಒಂದು ಹತ್ತಿಪ್ಪತ್ತು ಮನೆಯ ಹಳ್ಳಿ. ಬೋರಯ್ಯ ಮೊದಲು ಓಡಿದ, ನಾನು ಅವನ ಹಿಂದೆ. ನಮ್ಮ ಕಡೆ ಅಡಿಗೆಯಾದ ಮೇಲೆ ಹೆಂಗಸರು ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಆರಿದ ಇದ್ದಲನ್ನು ಒಂದು ಹಳೆಯ ಮಡಕೆಯಲ್ಲಿ ಕೂಡಿಡುತ್ತಾರೆ. ಹಲ್ಲುಜ್ಜಲು, ಅಗ್ಗಿಷ್ಟಿಕೆಗೆ, ಬಾಣಂತಿಗೆ ಕಾಸಲು ಎಲ್ಲಕ್ಕೂ ಅದೇ. ಒಲೆಯ ಪಕ್ಕದಲ್ಲೇ ಇರುವುದರಿಂದ ಎಂಥ ಮಳೆಯಲ್ಲೂ ಅದಕ್ಕೆ ತೇವವಿಲ್ಲ. ಬೋರಯ್ಯ ಮೊದಲನೆಯ ಬಾಗಿಲಲ್ಲಿ ನಿಂತು ಕೂಗಿದ:

"ಅಕ್ಕೋ, ಇದ್ಲು ಮಡಕೆ ತಗಬನ್ನಿ! ದೊಡ್ಡಿ ಮೇಡಂನ ಡೆಲ್ಲಿಗೆ ಕಳಿಸ್ಬೇಕು!"

"ಅಯ್ಯೋ, ನಿನ್ ಮಕ ಯಾಕ್ಲಾ ಅಂಗದೆ?" ಎಂದಳು ಒಬ್ಬ ಮುದುಕಿ.

"ಇನ್ನರ್ಧ ಬರೋವಾಗ ಬೋಳಿಸ್ಕತೀನಿ, ನೀ ಮೊದ್ಲು ಇದ್ಲು ಕೊಡವ್ವ!"

"ತಗೋ ಕಣಪ್ಪ. ನನ್ ಮೊಮ್ಮಗಳ್ಗೆ ಅಂತ ಎಷ್ಟು ದಪ ಕಾದೈತೋ ಏನೋ ಆ ಬಸ್ಸು" ಎಂದು ಮುದುಕಿ ಮಡಕೆಯನ್ನೇ ಎತ್ತಿ ಕೊಟ್ಟಳು.

ಪ್ರತಿ ಮನೆಯಿಂದಲೂ ಬಂತು. ಮಡಕೆಯಲ್ಲಿ, ಮೊರದಲ್ಲಿ, ಸೆರಗಿನಲ್ಲಿ. ಒಂದು ಮನೆಯವಳು ಒಲೆಯಲ್ಲಿ ಉರಿಯುತ್ತಿದ್ದ ಕೆಂಡವನ್ನೇ ಸಟುಗದಲ್ಲಿ ಹಿಡಿದುಕೊಂಡು ಓಡಿ ಬಂದಳು. ಹಸಿ ಇದ್ದಲನ್ನು ಹೊರಗೆ ಸುರಿದು, ತಳಕ್ಕೆ ಆ ಕೆಂಡ ಹಾಕಿ, ಮೇಲೆ ಇಡೀ ಹಳ್ಳಿಯ ಒಲೆಗಳನ್ನು ತುಂಬಿದೆ. ಜೋಯಿಸರು ಹಿಡಿ ತಿರುಗಿಸಿದರು. ಮಸಿ ಹಾರಿ ಅವರ ಮುಖ, ಎದೆ, ಜನಿವಾರವೆಲ್ಲ ಕಪ್ಪಾಯಿತು. ನಾನು ಹಿಡಿ ಬಿಡಿಸಿಕೊಳ್ಳಲು ಹೋದರೆ ಬಿಡಲಿಲ್ಲ. ಬಿಳಿ ಹೊಗೆ ತೆಳುವಾಯಿತು, ಆಮೇಲೆ ಕಾಣದಾಯಿತು. ಖಾದರಣ್ಣ ಇಂಜನ್ನು ತಿರುಗಿಸಿದ. ಒಂದು ಸಲ ಗೊರ ಗೊರ. ಇನ್ನೊಂದು ಸಲಕ್ಕೆ ಹಿಡಿದುಕೊಂಡಿತು.

ಆ ಕೂಗು ನನಗೆ ಇವತ್ತಿಗೂ ಕಿವಿಯಲ್ಲಿದೆ. ಹೆಂಗಸರು, ಮಕ್ಕಳು, ಪ್ರಯಾಣಿಕರು ಎಲ್ಲರೂ ಒಟ್ಟಿಗೆ ಕೂಗಿದರು. ಬಸ್ಸು ಆ ದಿನ ಓಡಿದ ಹಾಗೆ ಮತ್ತೆಂದೂ ಓಡಲಿಲ್ಲ. ದಾರಿಯಲ್ಲಿ ಕೈ ತೋರಿಸಿದವರು ಬೋರಯ್ಯನ ಕೂಗು ಕೇಳಿ ತಾವೇ ಪಕ್ಕಕ್ಕೆ ಸರಿದು, "ಓಗಿ, ಓಗಿ!" ಎಂದರು. ಕೈ ತೋರಿಸಿದವರನ್ನು ಹತ್ತಿಸಿಕೊಳ್ಳದೆ ಆ ಬಸ್ಸು ಹೋದದ್ದು ಅದೊಂದೇ ದಿನ.

ಮದ್ದೂರು ಸ್ಟೇಷನ್ನಿನಲ್ಲಿ ರೈಲು ನಿಂತಿತ್ತು. ವಡೆ ಮಾರುವವರು ಕಿಟಕಿಗಳಿಂದ ಹಿಂದೆ ಸರಿಯುತ್ತಿದ್ದರು, ಗಾರ್ಡು ಹಸಿರು ಬಾವುಟ ಎತ್ತಿದ್ದ. ನಾನು ಟ್ರಂಕು ಹೊತ್ತು ಓಡಿದೆ. ಹಿಂದೆ ಕಮಲಮ್ಮ, ಜೋಯಿಸರು, ಅರ್ಧ ಗಡ್ಡದ ಬೋರಯ್ಯ, ಖಾದರಣ್ಣ, ಬಸ್ಸಿನ ಜನವೆಲ್ಲ. ಎಲ್ಲರ ಮುಖವೂ ಕಪ್ಪು. "ಡೆಲ್ಲಿ! ಡೆಲ್ಲಿ!" ಎಂದು ಕೂಗುತ್ತಾ ಬರುವ ನಮ್ಮನ್ನು ಕಂಡು ಗಾರ್ಡು ಬಾಯಿ ಬಿಟ್ಟುಕೊಂಡು ನಿಂತ. ಬಾವುಟ ತಾನಾಗಿ ಕೆಳಗಿಳಿಯಿತು.

"ಡೆಲ್ಲಿಗೆ ಹೋಗೋರು ಎಷ್ಟು ಜನ?" ಎಂದ.

"ಒಬ್ರೇ ಸ್ವಾಮಿ" ಎಂದ ಬೋರಯ್ಯ. "ಮಿಕ್ಕೋರೆಲ್ಲ ತಳ್ಳೋರು."

ಗಾರ್ಡು ನಗುತ್ತಾ ಬಾಗಿಲು ತೆರೆದ. ರೈಲು ಹೊರಟಾಗ ಜೋಯಿಸರು ಮುಖ ತೊಳೆಯಲೂ ಪುರಸೊತ್ತಿಲ್ಲದೆ ಹಾಗೇ ಕಿಟಕಿಯಲ್ಲಿದ್ದರು. ಖಾದರಣ್ಣನಿಗೆ ಕೈ ಮುಗಿದು, "ನಿಮ್ಮನೆ ಜಗಲಿ ದೊಡ್ಡದು ಕಣಯ್ಯ" ಎಂದರು. ಪಕ್ಕದಲ್ಲಿ ಕಮಲಮ್ಮ ಅಪ್ಪನ ಮುಖ ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ನಾವು ಬಸ್ಸಿಗೆ ವಾಪಸ್ಸು ಬಂದೆವು. ಡ್ರಮ್ಮಿನ ಹತ್ತಿರ ಒಂದು ಇದ್ದಲ ತುಂಡು ಉಳಿದಿತ್ತು. ಅದನ್ನು ಎತ್ತಿಕೊಂಡು, ಯಾರೂ ಹೇಳಿಕೊಡದೆ, ಬಸ್ಸಿನ ಬೆನ್ನ ಮೇಲೆ ದೊಡ್ಡದಾಗಿ ಬರೆದೆ: ಡೆಲ್ಲಿ. ಖಾದರಣ್ಣ ಓದಲು ಬಾರದಿದ್ದರೂ ಏನು ಬರೆದೆ ಎಂದು ಕೇಳಲಿಲ್ಲ.

ಮಳೆಗೆ ಅಳಿಸಿದಾಗಲೆಲ್ಲ ಮತ್ತೆ ಬರೆದೆ. ಜನರ ಬಾಯಲ್ಲೂ ಅದೇ ನಿಂತಿತು. ಮದ್ದೂರಿನಿಂದ ಆಚೆಗೆ ಒಂದು ಗಜವೂ ಹೋಗದ ಬಸ್ಸಿಗೆ ಡೆಲ್ಲಿ ಬಸ್ಸು ಎಂದೇ ಹೆಸರಾಯಿತು. "ಡೆಲ್ಲಿ ಬಸ್ಸು ಬಂತಾ?" "ಡೆಲ್ಲಿ ಬಸ್ನಲ್ಲಿ ಮೂರು ಮೂಟೆ ಮೆಣಸಿನಕಾಯಿ ಕಳಿಸ್ಲಾ" ಎನ್ನುತ್ತಿದ್ದರು. ಯುದ್ಧ ಮುಗಿದ ಮೇಲೆ ಒಂದು ಸಾಯಂಕಾಲ ಮದ್ದೂರು ಸ್ಟೇಷನ್ನಿನ ಹೊರಗೆ ನಾನು ಹಿಡಿ ತಿರುಗಿಸುತ್ತಿದ್ದೆ. ಬಿಳಿ ಸೀರೆಯ ಹೆಂಗಸೊಬ್ಬರು ಅದೇ ಟ್ರಂಕು ಹೊರಿಸಿಕೊಂಡು ಬಂದು ಬಸ್ಸಿನ ಹಿಂದೆ ನಿಂತರು. ಬರೆದದ್ದನ್ನು ಓದಿದರು. ಮಳವಳ್ಳಿ ಆಸ್ಪತ್ರೆಗೆ ಕೆಲಸಕ್ಕೆ ಬಂದಿದ್ದರು.

"ಏನೋ ಸಿದ್ದ ಇದು? ನಾನು ಮೂರು ರಾತ್ರಿ ಕೂತು ಅಲ್ಲಿಂದ ಬರ್ತಾ ಇದ್ದರೆ, ನೀನು ಮತ್ತೆ ಅಲ್ಲಿಗೇ ಕರಕೊಂಡು ಹೋಗ್ತೀಯಾ?"

ನಾನು ಮಾತಾಡುವ ಮೊದಲೇ ಬಸ್ಸಿನೊಳಗಿನಿಂದ ಬೋರಯ್ಯನ ದನಿ ಬಂತು: "ಅಮ್ಮಾವ್ರು ಬಂದ್ರು ಕಣ್ರಲಾ! ತಡೀರಿ, ತಡೀರಿ, ಬಸ್ ಬುಡ್ಬೇಡಿ!"

ಬಿಡುವುದೆಲ್ಲಿ ಬಂತು, ಇನ್ನೂ ಬೆಂಕಿಯೇ ಹತ್ತಿರಲಿಲ್ಲ.

ಪಕ್ಕದ ಕಾಲೇಜು ಹುಡುಗಿ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಇಸ್ತ್ರಿಯವನ ಇದ್ದಲು ಅಷ್ಟರಲ್ಲಿ ಕೆಂಪಗೆ ಹೊತ್ತಿಕೊಂಡಿತ್ತು. ನಮ್ಮ ಬಸ್ಸು ಹೊರಟಿತು.

"ರೈಲು ಸಿಕ್ತದೆ ಕಣವ್ವ" ಎಂದೆ. "ಈ ದಾರೀಲಿ ಸಿಕ್ಕೇ ಸಿಕ್ತದೆ."